ಕಚ್ಚು ಬಿಡಿಸುವ ಕೋಲು

ಟೆಕ್ಸಾಸ್‌ನ ಕಾಡುಹಂದಿ ಬೇಟೆಯಲ್ಲಿ ನಾನು ಮೆಚ್ಚುವುದು ಹಂದಿಯ ಕಿವಿ ಕಚ್ಚಿ ನಿಲ್ಲುವ ಬುಲ್‌ಡಾಗ್‌ನ ಕೆಚ್ಚಿಗಿಂತ ಆ ಕಚ್ಚನ್ನು ಬಿಡಿಸುವ ಬ್ರೇಕ್ ಸ್ಟಿಕ್ಕನ್ನು. ಗೇಣುದ್ದದ ಕೋಲು, ಒಂದು ತುದಿ ಬೆಣೆಯಂತೆ ಚಪ್ಪಟೆ, ಅಷ್ಟೇ. ನಾಯಿಯನ್ನು ಸುಮ್ಮನೆ ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ, ಹಂದಿಯ ಕಿವಿ ಹರಿಯುತ್ತದೆ, ನಾಯಿಯ ಹಲ್ಲಿಗೂ ಪೆಟ್ಟು. ಅದಕ್ಕೇ ಮೊದಲು ಜೊತೆಗಾರ ಹಂದಿಯ ಹಿಂಗಾಲು ಹಿಡಿದು ಕೆಡವಿ ಕಾಲು ಕಟ್ಟುತ್ತಾನೆ. ಆಮೇಲೆ ನಾಯಿಯವನು ನಾಯಿಯ ಸೊಂಟವನ್ನು ಮೊಣಕಾಲುಗಳ ನಡುವೆ ಅದುಮಿ, ಕೊರಳಪಟ್ಟಿ ಬಿಗಿಹಿಡಿದು, ಬಾಯಿಯ ಪಕ್ಕದಿಂದ ದವಡೆಹಲ್ಲುಗಳ ಸಂದಿಗೆ ಕೋಲು ತೂರಿಸಿ ತಿರುವುತ್ತಾನೆ. ಬಾಯಿ ಸಡಿಲವಾದ ಕ್ಷಣವೇ ನಾಯಿ ಹಿಂದಕ್ಕೆ. ಮಾತಿಗೇ ಬಿಡುವಂತೆ ಪಳಗಿಸಬಾರದೇ ಎನ್ನಬಹುದು. ಪಳಗಿಸಲಿ, ಆದರೆ ಹಂದಿ ಕಿರುಚುತ್ತಿರುವಾಗ ಆವೇಶದಲ್ಲಿರುವ ನಾಯಿಗೆ ಮಾತು ಕೇಳಿಸೀತೆಂಬ ಭರವಸೆಯಿಲ್ಲ. ಈ ಬೇಟೆಯೇ ಕ್ರೂರವೆಂಬ ಆಕ್ಷೇಪ ಹಗುರವಾದದ್ದಲ್ಲ. ಆದರೂ ಕಚ್ಚು ಬೇಗ ಬಿಟ್ಟಷ್ಟೂ ಎರಡೂ ಪ್ರಾಣಿಗಳ ನೋವು ಕಡಿಮೆ.