ಜಲರೂಪಣೆ: ಶಿಲ್ಪದಿಂದ ವಿಡಿಯೋವರೆಗೆ ಒಂದು ತೌಲನಿಕ ವಿವೇಚನೆ

ಪಂಚಭೂತಗಳಲ್ಲಿ ಒಂದಾದ ಜಲವು ಎಲ್ಲ ಸಂಸ್ಕೃತಿಗಳ ಕಲೆಯಲ್ಲಿಯೂ ವಸ್ತುವಾಗಿ ಬಂದಿದೆ. ಆದರೆ ಈ ಕುರಿತ ಬರಹಗಳು ಬಹುಮಟ್ಟಿಗೆ ನೀರು ಯಾವುದರ ಸಂಕೇತವೆಂಬ ಪ್ರಶ್ನೆಗೇ ಸೀಮಿತವಾಗಿವೆ. ಪಾವಿತ್ರ್ಯ, ಫಲವಂತಿಕೆ, ಕಾಲ, ಪ್ರಳಯ ಎಂದು ಅರ್ಥಗಳನ್ನು ಪಟ್ಟಿ ಮಾಡಿದರೆ ವಿಮರ್ಶೆ ಮುಗಿಯಿತೆಂದು ಭಾವಿಸುವುದುಂಟು. ಸ್ವಂತ ಆಕಾರವಿಲ್ಲದ, ಒಂದೆಡೆ ನಿಲ್ಲದ ಈ ದ್ರವ್ಯವನ್ನು ಕಲ್ಲು, ಮರ, ಬಣ್ಣಗಳು ಹೇಗೆ ಹಿಡಿದಿವೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಯನ್ನು ಬಿಟ್ಟರೆ ಕೃತಿಯ ಅರ್ಥವೇ ತಪ್ಪಿಹೋಗುವ ಸಂಭವವಿದೆಯೆಂಬುದನ್ನು ಕೆಲವು ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಭಾರತೀಯ ಶಿಲ್ಪದಲ್ಲಿ ಎರಡು ಮಾರ್ಗಗಳು ಸ್ಪಷ್ಟವಾಗಿ ಕಾಣುತ್ತವೆ. ಮಧ್ಯಪ್ರದೇಶದ ಉದಯಗಿರಿಯಲ್ಲಿ, 5ನೇ ಶತಮಾನದ ಆರಂಭಕ್ಕೆ ಸೇರಿದ ಗುಪ್ತರ ಕಾಲದ ವರಾಹ ಶಿಲ್ಪದ ಹಿನ್ನೆಲೆಯ ಬಂಡೆಯ ಮೇಲೆ ಅಲೆಅಲೆಯಾದ ಸಮಾನಾಂತರ ಗೆರೆಗಳನ್ನು ಕೊರೆಯಲಾಗಿದೆ. ಪಕ್ಕದ ಗೋಡೆಗಳಲ್ಲಿ ಮಕರವಾಹಿನಿ ಗಂಗೆ, ಕೂರ್ಮವಾಹಿನಿ ಯಮುನೆಯರು ಇಳಿದು ಸಮುದ್ರವನ್ನು ಸೇರುತ್ತಾರೆ. ಇಲ್ಲಿ ನೀರು ರೇಖೆಯಾಗಿಯೂ ದೇಹವಾಗಿಯೂ ಏಕಕಾಲಕ್ಕೆ ಇದೆ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿಯೂ ಅದೇ ವರಾಹನಿದ್ದಾನೆ. ಆದರೆ ಅಲ್ಲಿ ಭೂದೇವಿಯನ್ನು ಎತ್ತಿ ತಂದ ಜಲಲೋಕವನ್ನು ಸೂಚಿಸುವ ಹೊಣೆ ಅವನ ಪಾದದ ಬಳಿಯಿರುವ ನಾಗರೂಪದ್ದಾಗಿದೆ. ನೀರಿನ ನಿರೂಪಣೆ ಗೆರೆಯಿಂದ ಆಕೃತಿಗೆ ಸರಿದಿದೆ.

ಈ ಎರಡಕ್ಕಿಂತ ಭಿನ್ನವಾದ ಮೂರನೆಯ ಮಾರ್ಗವನ್ನು ಮಾಮಲ್ಲಪುರಂನ ಪಲ್ಲವರ ಮಹಾಶಿಲೆ ತೋರಿಸುತ್ತದೆ. 7ನೇ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಈ ಉಬ್ಬುಶಿಲ್ಪದ ನಡುವೆ ಒಂದು ಸಹಜ ಸೀಳಿದೆ. ಶಿಲ್ಪಿಗಳು ಆ ಸೀಳನ್ನು ದೋಷವೆಂದು ಮರೆಮಾಡದೆ, ಅದರೊಳಗೆ ಕೈಮುಗಿದ ನಾಗರನ್ನು ಕೆತ್ತಿದರು. ಮೇಲ್ಭಾಗದಲ್ಲಿ ನೀರನ್ನು ಸಂಗ್ರಹಿಸಿ ವಿಶೇಷ ಸಂದರ್ಭಗಳಲ್ಲಿ ಸೀಳಿನ ಮೂಲಕ ಹರಿಸುತ್ತಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಒಂಟಿಕಾಲಿನ ತಪಸ್ವಿ ಅರ್ಜುನನೋ ಭಗೀರಥನೋ ಎಂಬ ದೀರ್ಘ ಚರ್ಚೆಯು ಈ ಸೀಳನ್ನು ಹೇಗೆ ಓದುತ್ತೇವೆ ಎಂಬುದನ್ನೂ ಅವಲಂಬಿಸಿದೆ. ಅದನ್ನು ಬರಿಯ ಬಿರುಕೆಂದು ನೋಡಿದರೆ ಗಂಗಾವತರಣದ ವಾದ ದುರ್ಬಲವಾಗುತ್ತದೆ. ಹರಿವಿನ ಜಾಗವೆಂದು ಕಂಡರೆ ಇಕ್ಕೆಲಗಳ ದೇವತೆಗಳೂ ಆನೆಗಳೂ ಮುನಿಗಳೂ ಅದರತ್ತ ಏಕೆ ಮುಖಮಾಡಿದ್ದಾರೆಂಬುದು ತಿಳಿಯುತ್ತದೆ. ಎರಡೂ ಕಥೆಗಳು ಉದ್ದೇಶಪೂರ್ವಕವಾಗಿಯೇ ಬೆರೆತಿವೆ ಎಂಬ ಅಭಿಪ್ರಾಯವೂ ಉಂಟು. ಏನೇ ಆಗಲಿ, ಇಲ್ಲಿ ಶಿಲ್ಪಿಯು ನೀರನ್ನು ಕೆತ್ತಲಿಲ್ಲ, ಅದಕ್ಕೆ ಸ್ಥಳ ಬಿಟ್ಟ.

ಜಪಾನಿನ ಕಲೆಯಲ್ಲಿ ಇದೇ ಸಮಸ್ಯೆಗೆ ಬೇರೆ ಉತ್ತರಗಳು ದೊರೆಯುತ್ತವೆ. ಸುಮಾರು 1831ರಲ್ಲಿ ಪ್ರಕಟವಾದ ಹೊಕುಸಾಯಿಯ ‘ಕನಗಾವದ ಮಹಾ ಅಲೆ’ ಮರದಚ್ಚಿನ ಮುದ್ರಣ. ಉದಯಗಿರಿಯಲ್ಲಿ ಗೆರೆಯೇ ಕೊರೆತವಾಗಿದ್ದರೆ, ಮರದಚ್ಚಿನಲ್ಲಿ ಗೆರೆಯನ್ನುಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಅಲೆಯ ನೊರೆಗೆ ಉಗುರಿನಂಥ ಮೊನಚು ಬಂದಿರುವುದರಲ್ಲಿ ಕಲಾವಿದನ ಕಲ್ಪನೆಯೊಡನೆ ಈ ತಂತ್ರದ ಪಾಲೂ ಇದೆ. ನೀಲಿಯ ಗಾಢತೆಗೆ ಹೊರದೇಶದಿಂದ ಬಂದ ಪ್ರಷ್ಯನ್ ನೀಲಿ ಕಾರಣ. ಕ್ಯೋಟೋದ ದೈಸೆನ್-ಇನ್ ಮಂದಿರದ ತೋಟವಾದರೋ ನೀರನ್ನು ಪೂರ್ಣವಾಗಿ ತ್ಯಜಿಸಿದೆ. ಅಲ್ಲಿ ಬಂಡೆಗಳ ನಡುವಿನ ಬಿಳಿ ಜಲ್ಲಿಯೇ ನದಿ. ಒಣಗಿದ ವಸ್ತುವೊಂದು ಹರಿವಿನ ಅನುಭವ ಕೊಡುವುದು ನೋಡುಗನ ಸ್ಮೃತಿಯ ನೆರವಿನಿಂದಲೇ.

ಆಧುನಿಕ ಯುರೋಪಿನಲ್ಲಿ ಮೊನೆ ಕ್ಷಿತಿಜವನ್ನೇ ಕಿತ್ತುಹಾಕಿದ. 1927ರಲ್ಲಿ ಪ್ಯಾರಿಸಿನ ಒರಾಂಜರಿಯಲ್ಲಿ ತೆರೆದ ಅವನ ನೈದಿಲೆಯ ಬೃಹತ್ ಚಿತ್ರಗಳಲ್ಲಿ ದಡವೂ ಆಕಾಶವೂ ನೀರಿನ ಮೇಲ್ಮೈಯಲ್ಲಿ ಕರಗಿವೆ. ಈ ಚಿತ್ರಗಳನ್ನು ಶುದ್ಧ ದೃಶ್ಯಾನುಭವವೆಂದು ಹೊಗಳುವುದು ರೂಢಿ. ಆದರೆ ಅವನು 1893ರಲ್ಲಿ ಜಿವರ್ನಿಯ ಕೊಳಕ್ಕೆ ಹತ್ತಿರದ ಹೊಳೆಯ ನೀರನ್ನು ತಿರುಗಿಸಲು ಅನುಮತಿ ಕೋರಿದಾಗ, ಅಪರಿಚಿತ ಸಸ್ಯಗಳಿಂದ ತಮ್ಮ ನೀರು ಕೆಡುವುದೆಂದು ಸುತ್ತಲಿನವರು ವಿರೋಧಿಸಿದ್ದರು. ಚಿತ್ರದೊಳಗೆ ಯಾರಿಗೂ ಸೇರದ ನೀರು, ಚಿತ್ರದ ಹೊರಗೆ ಹಲವರ ಹಕ್ಕಿನ ನೀರಾಗಿತ್ತು. ವಿಡಿಯೋ ಕಲಾವಿದ ಬಿಲ್ ವಯೋಲಾ (1951–2024) ಅವರ ‘ದಿ ರಿಫ್ಲೆಕ್ಟಿಂಗ್ ಪೂಲ್’ (1977–79) ಕೃತಿಯಲ್ಲಿ ಕೊಳಕ್ಕೆ ಹಾರಿದ ಮನುಷ್ಯ ನಡುಗಾಳಿಯಲ್ಲಿ ಸ್ತಬ್ಧನಾಗುತ್ತಾನೆ. ನೀರು ಮಾತ್ರ ಚಲಿಸುತ್ತಲೇ ಇರುತ್ತದೆ. ಕಲ್ಲಿನಲ್ಲಿ ಅಸಾಧ್ಯವಾದುದು ಇಲ್ಲಿ ಸುಲಭಸಾಧ್ಯ. ಆದರೆ ಚಲನೆಯನ್ನು ದಾಖಲಿಸಿದ ಮಾತ್ರಕ್ಕೆ ಕೃತಿ ಮೇಲಾಗುವುದಿಲ್ಲ. ಮನುಷ್ಯನ ಕಾಲ ಮತ್ತು ನೀರಿನ ಕಾಲಗಳನ್ನು ಬೇರ್ಪಡಿಸಿ ತೋರಿಸಿದ್ದರಿಂದ ಅದು ಮಹತ್ವದ್ದು.

ಈ ನಿದರ್ಶನಗಳಿಂದ ಹೊರಡುವ ಮಾತು ಇಷ್ಟು: ಜಲರೂಪಣೆಯ ಬಲವು ಹೋಲಿಕೆಯಲ್ಲಿಲ್ಲ, ಮಾಧ್ಯಮವು ತನ್ನ ಮಿತಿಯನ್ನು ಹೇಗೆ ಬಳಸಿಕೊಂಡಿದೆ ಎಂಬುದರಲ್ಲಿದೆ. ನಮ್ಮ ಶಿಲ್ಪಾಧ್ಯಯನಕ್ಕೆ ಇದರಿಂದ ಒಂದು ಎಚ್ಚರಿಕೆಯೂ ಇದೆ. ಬಾದಾಮಿಯ ಗುಹೆಗಳಿಂದ ಕೆಳಗೆ ನೋಡಿದರೆ ಅಗಸ್ತ್ಯ ತೀರ್ಥ ಕಾಣುತ್ತದೆ. ಆದರೆ ಗ್ರಂಥಗಳ ಛಾಯಾಚಿತ್ರಗಳಲ್ಲಿ ವರಾಹನೊಬ್ಬನೇ ಉಳಿಯುತ್ತಾನೆ, ಕೆರೆ ಚೌಕಟ್ಟಿನಾಚೆ ನಿಲ್ಲುತ್ತದೆ. ಪ್ರತಿಮಾಲಕ್ಷಣವನ್ನು ದಾಖಲಿಸುವ ಶ್ರದ್ಧೆಯಿಂದಲೇ ಕೆರೆ, ಕಾಲುವೆ, ತೊಟ್ಟಿ, ತೂಬುಗಳನ್ನೂ ದಾಖಲಿಸದಿದ್ದರೆ, ಮಾಮಲ್ಲಪುರಂನ ಸೀಳಿನಂತೆ ಇನ್ನೆಷ್ಟು ಅರ್ಥವುಳ್ಳ ಜಾಗಗಳನ್ನು ನಾವು ಬರಿಯ ಬಿರುಕುಗಳೆಂದು ಓದುತ್ತೇವೆಯೋ ಹೇಳಲಾಗದು. ನೀರು ಬತ್ತಿದ ಮೇಲೂ ಅದು ಹರಿದ ದಾರಿ ಕಲ್ಲಿನಲ್ಲಿ ಉಳಿದಿರುತ್ತದೆ. ಅದನ್ನು ಗುರುತಿಸುವುದು ಸಂಶೋಧಕರ ಕೆಲಸ.