ಲಾರಾ ವೈಲ್ಡರ್ ಬರೆದ ಸಂಸಾರ ಕಥೆಗಳು

ಅಮೆರಿಕದ ಗ್ರಂಥಕರ್ತ್ರಿ ಲಾರಾ ಇಂಗಲ್ಸ್ ವೈಲ್ಡರ್ ಎಂಬಾಕೆಯ ಮೊದಲನೆಯ ಪುಸ್ತಕವು 1932 ರಲ್ಲಿ ಅಚ್ಚಾದಾಗ ಆಕೆಗೆ 65 ವರ್ಷ. 1867 ರಲ್ಲಿ ವಿಸ್ಕಾನ್ಸಿನ್ ಸೀಮೆಯ ಕಾಡಿನಲ್ಲಿ ಹುಟ್ಟಿ, ತಂದೆತಾಯಿಗಳೊಡನೆ ಕಮಾನುಗಾಡಿಯಲ್ಲಿ ಹೊಸ ನೆಲವನ್ನರಸಿ ಅಲೆದು, ಕಡೆಗೆ ಮಿಸೌರಿಯಲ್ಲಿ ಹೊಲಮನೆ ಹೂಡಿದ ಈಕೆಯು ಇಳಿವಯಸ್ಸಿನಲ್ಲಿ ತನ್ನ ಬಾಲ್ಯವನ್ನು ಮಕ್ಕಳಿಗೆಂದು ಕಥೆಮಾಡಿ ಹೇಳಿದಳು. ಈ ಮಾಲೆಯು ಕನ್ನಡಕ್ಕೂ ಬಂದಿರುವುದರಿಂದ ನಮ್ಮ ನಾಡಿನ ವಾಚಕರಿಗೂ ಅಪರಿಚಿತವಲ್ಲ.

ಈಕೆಯ ಶಕ್ತಿಯಿರುವುದು ಕೆಲಸದ ವರ್ಣನೆಯಲ್ಲಿ. ತಂದೆಯು ದಿಮ್ಮಿಗಳಿಗೆ ಕಚ್ಚುಹಾಕಿ ಒಂದರ ಮೇಲೊಂದನ್ನು ಏರಿಸಿ ಗೋಡೆಯೆಬ್ಬಿಸುವುದು, ತಾಯಿಯು ಚಳಿಗಾಲದ ಬಿಳಿಚಿದ ಬೆಣ್ಣೆಗೆ ಗಜ್ಜರಿಯನ್ನು ತುರಿದು ಬಣ್ಣ ಕಟ್ಟುವುದು, ಇವನ್ನೋದಿದವರು ತಾವೇ ಮಾಡಬಲ್ಲೆವೆಂದುಕೊಳ್ಳುತ್ತಾರೆ. ಭಾವವನ್ನು ಹೇಳಹೊರಟಾಗ ಇವಳ ಲೇಖನಿಯು ಸಂಕೋಚಪಡುತ್ತದೆ; ಸಂಜೆ ತಂದೆ ಪಿಟೀಲು ಹಿಡಿದನೆಂದರೆ ಅಷ್ಟರಲ್ಲಿಯೇ ಸಂಸಾರದ ಸುಖವೆಲ್ಲ ಅಡಗಿತು. 1940 ರಲ್ಲಿ ಬಂದ ದೀರ್ಘ ಚಳಿಗಾಲದ ಕಥೆಯೇ ಇವುಗಳಲ್ಲಿ ಶ್ರೇಷ್ಠವಾದುದು. 1880–81 ರ ಹಿಮಪಾತದಲ್ಲಿ ಡಕೋಟಾದ ಡಿ ಸ್ಮೆಟ್ ಊರಿಗೆ ರೈಲು ನಿಂತುಹೋಗಿ, ಹುಲ್ಲನ್ನು ಹೊಸೆದು ಉರುವಲು ಮಾಡಿ, ಕಾಫಿಬೀಜದ ಕೈಯಂತ್ರದಲ್ಲಿ ಗೋಧಿಯನ್ನು ಬೀಸಿ ಮನೆಮಂದಿ ಜೀವ ಹಿಡಿದರು. ಹೊಸೆಯುವುದು, ಬೀಸುವುದು, ಮತ್ತೆ ಹೊಸೆಯುವುದು: ಓದುವವರಿಗೂ ಕೈ ಸೋಲುತ್ತದೆ. ಬೇಸರವನ್ನು ಬೇಸರವಾಗದಂತೆ ಬರೆಯದೆ, ಬೇಸರವಾಗಿಯೇ ಬರೆದ ಧೈರ್ಯ ಮೆಚ್ಚತಕ್ಕದ್ದು.

ಆದರೆ ನೆನಪು ಹೇಳಿದುದರಷ್ಟೇ ಹೇಳದೆ ಬಿಟ್ಟುದೂ ವಿಮರ್ಶೆಗೆ ಸೇರಿದುದು. 1930 ರ ಸುಮಾರಿಗೆ ಆಕೆ ದೊಡ್ಡವರಿಗಾಗಿ ಬರೆದಿದ್ದ ಆತ್ಮವೃತ್ತದ ಹಸ್ತಪ್ರತಿಯು 2014 ರಲ್ಲಿ ಬೆಳಕು ಕಂಡಿತು. 1875 ರಲ್ಲಿ ಹುಟ್ಟಿ ವರ್ಷ ತುಂಬುವ ಮೊದಲೇ ತೀರಿಕೊಂಡ ತಮ್ಮನು ಅದರಲ್ಲುಂಟು. ಅಯೋವಾದ ಬರ್ ಓಕ್ ಊರಿನ ಹೋಟೆಲಿನಲ್ಲಿ ದುಡಿದ ಕಷ್ಟದ ದಿನಗಳುಂಟು. ಕಥೆಗಳಲ್ಲಿ ಇವೆರಡರ ಸುಳಿವೂ ಇಲ್ಲ. ತಾಯಿಯ ಕೈಬರಹವನ್ನು ತಿದ್ದಿ ಕಥಾರೂಪಕ್ಕೆ ತರುವುದರಲ್ಲಿ ಮಗಳು ರೋಸ್ ವೈಲ್ಡರ್ ಲೇನ್‌ಳ ಪಾಲು ಹಿರಿದೆಂಬುದು ನಿಜವಾದರೂ, ಈ ಮೌನವನ್ನು ಮಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಗುವನ್ನು ಮಣ್ಣುಮಾಡಿದ ತಾಯಂದಿರು ಆ ಮಾತೆತ್ತದಿರುವುದು ಯಾವ ದೇಶದ ಮನೆಗಳಲ್ಲಿ ಇಲ್ಲ? ಈ ಸಂಗತಿಯನ್ನರಿತ ಮೇಲೆ, ಕಥೆಗಳ ಆ ಶಾಂತಮೂರ್ತಿಯಾದ ತಾಯಿಯ ಮಿತಭಾಷಣವು ಬೇರೆಯೇ ಆಗಿ ಕೇಳಿಸುತ್ತದೆ.

ಕಾನ್ಸಾಸಿನ ಹುಲ್ಲುಗಾವಲಿನ ಕಥೆಯಲ್ಲಿ (1935) ಮೌನವು ಇಷ್ಟು ನಿರಪರಾಧಿಯಲ್ಲ. ಅಲ್ಲಿದ್ದಾಗ ಲಾರಾಳಿಗೆ ಎರಡು ಮೂರು ವರ್ಷ. ಆದುದರಿಂದ ಆ ನೆನಪು ಬಹುಪಾಲು ತಂದೆತಾಯಿಗಳ ಬಾಯಿಂದ ಬಂದುದು. ಮನೆ ಕಟ್ಟಿದ ನೆಲವೋ ಓಸೇಜ್ ಜನರದು. ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರೆಂಬ ಅರ್ಥದ ಒಂದು ವಾಕ್ಯವನ್ನು ವಾಚಕರೊಬ್ಬರ ಆಕ್ಷೇಪದ ಮೇಲೆ 1953 ರ ಮುದ್ರಣದಲ್ಲಿ ತಿದ್ದಲಾಯಿತು. ಒಂದು ಶಬ್ದವನ್ನು ತಿದ್ದಿದ ಮಾತ್ರಕ್ಕೆ ಪುಸ್ತಕದ ದೃಷ್ಟಿ ತಿದ್ದಿತೆನ್ನಲಾಗದು. ಆದರೂ ಲೇಖಕಿಯ ಪರವಾಗಿ ಒಂದು ಪ್ರಸಂಗವನ್ನು ನೆನೆಯಬೇಕು: ಈ ನೆಲ ಅವರದಲ್ಲವೇ ಎಂದು ಕಥೆಯ ಹುಡುಗಿ ಕೇಳಹೊರಟಾಗ, ತಂದೆ ಉತ್ತರ ಕೊಡುವುದಿಲ್ಲ, ಪ್ರಶ್ನೆ ಸಾಕು, ಮಲಗೆನ್ನುತ್ತಾನೆ. ವೈಲ್ಡರಳು ಆ ಪ್ರಶ್ನೆಯನ್ನು ಅಳಿಸಿಲ್ಲ, ತಂದೆಯ ಬಾಯಿಗೆ ಉತ್ತರವನ್ನು ಹೊಂದಿಸಿಯೂ ಇಲ್ಲ.