ಪ್ರಯೋಗಶಾಲೆಯ ಇನ್ಸುಲಿನ್‌ಗೂ ಲೆಕ್ಕ ಬೇಕು

ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ, ಮೆಡಿಕಲ್ ಶಾಪಿನ ಫ್ರಿಜ್‌ನಲ್ಲಿ ಮಿಲಿಲೀಟರಿಗೆ 40 ಯೂನಿಟ್ ಎಂದು ಅಚ್ಚಾದ ಇನ್ಸುಲಿನ್ ಬಾಟಲಿ ಇರುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನು ಯೂನಿಟ್ ಎಣಿಸಿ ಚುಚ್ಚಿಕೊಳ್ಳುತ್ತಾರೆ. ಅದೇ ಅಣು ಪ್ರಯೋಗಶಾಲೆ ಸೇರಿದಾಗ ಆ ಎಚ್ಚರ ಹಲವೊಮ್ಮೆ ಸಡಿಲವಾಗುತ್ತದೆ.

ಸಾಧನವಾಗಿ ಅದರ ಗುಣ ದೊಡ್ಡದು. ಒಂದು ಕಾಲಕ್ಕೆ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಇನ್ಸುಲಿನ್ ತೆಗೆಯಬೇಕಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಮತ್ತು ಸಿಟಿ ಆಫ್ ಹೋಪ್ ವಿಜ್ಞಾನಿಗಳು ಇ. ಕೋಲಿ ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ಪಡೆದರು. 1982ರಲ್ಲಿ ಅಮೆರಿಕ ಅದನ್ನು ಔಷಧವೆಂದು ಒಪ್ಪಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಪಿಚಿಯಾ ಯೀಸ್ಟ್ ಬಳಸಿ ತನ್ನ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. 51 ಅಮೈನೋ ಆಮ್ಲಗಳ ಈ ಅಣುವನ್ನು ಹೀಗೆ ತಯಾರಿಸಿದಾಗ ಪ್ರಾಣಿಜನ್ಯ ಕಲ್ಮಶದ ಭಯ ಕಡಿಮೆ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಅಲ್ಪ. ಟ್ರಾನ್ಸ್‌ಫೆರಿನ್, ಸೆಲೆನಿಯಂ ಜೊತೆ ಸೇರಿಸಿದರೆ ಕರುವಿನ ಸೀರಂ ಇಲ್ಲದೆಯೂ ಅನೇಕ ಬಗೆಯ ಕೋಶಗಳು ಬೆಳೆಯುತ್ತವೆ.

ತೊಂದರೆ ಇರುವುದು ಪ್ರಮಾಣದಲ್ಲಿ. ಕೋಶ ಬೆಳೆಸುವ ದ್ರಾವಣಕ್ಕೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇನ್ಸುಲಿನ್ ಹಾಕುವುದು ವಾಡಿಕೆ. ಉಪವಾಸದಲ್ಲಿರುವ ಆರೋಗ್ಯವಂತರ ರಕ್ತದಲ್ಲಿರುವುದಕ್ಕಿಂತ ಇದು ಹತ್ತು ಸಾವಿರ ಪಟ್ಟಿಗೂ ಮಿಗಿಲು. ಅಷ್ಟೊಂದಿದ್ದಾಗ ಇನ್ಸುಲಿನ್ ತನ್ನ ಗ್ರಾಹಕವನ್ನಷ್ಟೇ ಅಲ್ಲ, ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಗ್ರಾಹಕವನ್ನೂ ತಟ್ಟುತ್ತದೆ. ದ್ರಾವಣದ ಸಿಸ್ಟೀನ್ ಇನ್ಸುಲಿನ್ ಅನ್ನು ಬೇಗ ಕೆಡಿಸುವುದರಿಂದ, ಕೋಶ ಬೆಳೆಸುವುದೇ ಗುರಿಯಾಗಿದ್ದಾಗ ಈ ಧಾರಾಳವನ್ನು ಒಪ್ಪಬಹುದು. ಮಧುಮೇಹದ ಬಗ್ಗೆ ತೀರ್ಮಾನ ಹೇಳುವ ಪ್ರಯೋಗದಲ್ಲಿ ಒಪ್ಪಲಾಗದು. ಸಾಲದ್ದಕ್ಕೆ, ಹೈ ಗ್ಲೂಕೋಸ್ ದ್ರಾವಣದಲ್ಲಿ ಡೆಸಿಲೀಟರಿಗೆ 450 ಮಿಲಿಗ್ರಾಂ ಸಕ್ಕರೆ ಇರುತ್ತದೆ. ರೋಗಿಯ ರಕ್ತದಲ್ಲಿ ಅಷ್ಟು ಕಂಡರೆ ವೈದ್ಯರು ಗಾಬರಿಯಾಗುತ್ತಾರೆ. ಕೋಶಗಳಿಗೆ ಅದೇ ದಿನನಿತ್ಯದ ಊಟ.

ತುಮಕೂರು ಸೀಮೆಗೆ ಈ ಮಾತು ದೂರದ್ದಲ್ಲ. ದೇವರಾಯನದುರ್ಗ, ಸಿದ್ಧರಬೆಟ್ಟಗಳು ಗಿಡಮೂಲಿಕೆಗೆ ಹೆಸರಾದವು. ತುಮಕೂರು ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಅಧ್ಯಯನ ವಿಭಾಗವಿದೆ. ಮಧುನಾಶಿನಿ, ನೇರಳೆ ಬೀಜ, ಹಾಗಲದ ಸಾರ ಸಕ್ಕರೆ ಇಳಿಸುತ್ತದೆಯೇ ಎಂದು ಪರೀಕ್ಷಿಸುವಾಗ ಹೋಲಿಕೆಗೆ ಹಲವೊಮ್ಮೆ ಇನ್ಸುಲಿನ್ ಬೇಕಾಗುತ್ತದೆ. ಹೋಲಿಕೆಯ ಅಳತೆಗೋಲೇ ಸರಿಯಿಲ್ಲದಿದ್ದರೆ ಸಾರದ ಬಗ್ಗೆ ಬರೆದದ್ದಕ್ಕೂ ಬೆಲೆಯಿಲ್ಲ.

ಔಷಧದ ಬಾಟಲಿಯನ್ನೇ ನೇರವಾಗಿ ಕೋಶಗಳಿಗೆ ಹಾಕುವವರು ಒಂದು ಸಂಗತಿ ಗಮನಿಸಬೇಕು. ಅದರಲ್ಲಿ ಕೆಡದಂತೆ ಕಾಯುವ ಮೆಟಾ-ಕ್ರೆಸಾಲ್ ಇರುತ್ತದೆ. ಇನ್ಸುಲಿನ್ ಇಲ್ಲದ, ಅಷ್ಟೇ ಕ್ರೆಸಾಲ್ ಇರುವ ಇನ್ನೊಂದು ಡಿಶ್ ಪಕ್ಕದಲ್ಲಿಡದಿದ್ದರೆ ಕಂಡ ಪರಿಣಾಮ ಯಾವುದರದ್ದೆಂದು ಹೇಳಲಾಗದು. ಇಲಿಗಳ ಪ್ರಯೋಗದಲ್ಲಿ ಇನ್ನೊಂದು ತೊಡಕು. ಮಾನವ ಇನ್ಸುಲಿನ್ ಚುಚ್ಚಿದ ಇಲಿಯ ರಕ್ತದಲ್ಲಿ ಇನ್ಸುಲಿನ್ ಅಳೆದರೆ, ಮಾನವನದು, ಇಲಿಯದು ಎರಡನ್ನೂ ಗುರುತಿಸುವ ಕಿಟ್ ಚುಚ್ಚಿದ್ದನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಗ್ರಂಥಿ ಇನ್ಸುಲಿನ್ ಜೊತೆಗೇ ಹೊರಬಿಡುವ, ಇಲಿಯದೇ ಆದ ಸಿ-ಪೆಪ್ಟೈಡ್ ಅಳೆದರೆ ಅದರ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂಬುದು ತಿಳಿಯುತ್ತದೆ.

ಇಷ್ಟಾದರೂ ‘ಇನ್ಸುಲಿನ್ ಬಳಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ವಿಷಯ ಮುಗಿಸುವ ಪ್ರಬಂಧಗಳಿವೆ. ಅದು ಬ್ಯಾಕ್ಟೀರಿಯಾದ್ದೋ ಯೀಸ್ಟಿನದೋ, ಯೂನಿಟ್ ಎಷ್ಟು, ಯಾವುದರಲ್ಲಿ ಕರಗಿಸಿದ್ದು ಎಂದು ಬರೆಯದ ಪ್ರಬಂಧವನ್ನು ಮಾರ್ಗದರ್ಶಕರು, ಪರೀಕ್ಷಕರು ತಿದ್ದಲು ವಾಪಸ್ ಕಳಿಸಲಿ.